ತಡವಾಗಿ ಬಂದ ಗಾಳಿ

ರೇಸ್ ಕಾರಿನ ಹೊಗೆಕೊಳವೆಗೆ ಮೆಕ್ಯಾನಿಕ್ಕುಗಳು ಟರ್ಬೊ ಎಂಬ ಪುಟ್ಟ ಚಕ್ರವನ್ನು ಕೂರಿಸಿದಾಗ ಎಂಜಿನ್ ಮುಖ ಸಿಂಡರಿಸಿತು.

"ನಾನು ಉಗುಳುವ ಹೊಗೆಯಲ್ಲಿ ನಿನಗೇನಯ್ಯಾ ಕೆಲಸ?"

"ಆ ಹೊಗೆಯೇ ನನ್ನನ್ನು ತಿರುಗಿಸುತ್ತದೆ, ಒಡೆಯಾ. ತಿರುಗುತ್ತಾ ನಿಮಗೆ ಗಾಳಿ ತುಂಬುತ್ತೇನೆ," ಎಂದಿತು ಚಕ್ರ.

ಬೆಟ್ಟ ಹತ್ತುವ ಪಂದ್ಯ ಶುರುವಾಯಿತು. ಮೊದಲ ತಿರುವಿನಲ್ಲಿ ಚಕ್ರ ರಭಸಕ್ಕೆ ಬರಲು ಕೊಂಚ ಹೊತ್ತು ಹಿಡಿಯಿತು.

"ತಡ ಮಾಡ್ತೀಯಲ್ಲೋ, ಸೋಮಾರಿ!" ಎಂದು ಎಂಜಿನ್ ರೇಗಿತು. ಚಕ್ರ ಇನ್ನಷ್ಟು ಜೋರಾಗಿ ತಿರುಗತೊಡಗಿತು.

ಮೇಲೇರಿದಂತೆ ಗಾಳಿ ತೆಳುವಾಯಿತು. ಉಳಿದ ಕಾರುಗಳ ಎಂಜಿನ್ನುಗಳಿಗೆ ಏದುಸಿರು ಬಂತು. ಇದಕ್ಕೆ ಮಾತ್ರ ಎದೆ ತುಂಬ ಗಾಳಿ. ಬೆಟ್ಟದ ತುದಿಯನ್ನು ಮೊದಲು ಮುಟ್ಟಿದ್ದು ಇದೇ.

ಜನ ಕಾರಿಗೆ ಹಾರ ಹಾಕಿದರು. ಓಡಿಸಿದ ದೇಚಮ್ಮ ಎಂಜಿನ್ ನಿಲ್ಲಿಸಲು ಕೀಲಿಗೆ ಕೈ ಹಾಕಿದಳು. ಅಷ್ಟರಲ್ಲಿ ಎಂಜಿನ್ನಿಗೆ, ಕೆಂಡದಂತೆ ಕಾದು ಇನ್ನೂ ತಿರುಗುತ್ತಿದ್ದ ಚಕ್ರ ಕಾಣಿಸಿತು.

"ತಾಳು ತಾಯಿ! ನಾನೀಗ ನಿಂತರೆ ಅವನಿಗೆ ತಂಪು ಮಾಡುವ ಎಣ್ಣೆ ಹೋಗುವುದಿಲ್ಲ. ಸುಟ್ಟೇ ಹೋಗುತ್ತಾನೆ."

"ನಿನಗೆ ದಣಿವಾಗಿಲ್ಲವೇ?"

"ಆಗಿದೆ. ಆದರೆ ಇವತ್ತು ನಾನು ಉಸಿರಾಡಿದ್ದು ಅವನಿಂದ."

ದೇಚಮ್ಮ ಕೈ ಹಿಂದೆಗೆದಳು. ಎಂಜಿನ್ ಮೆಲ್ಲಗೆ ಗುನುಗುತ್ತಾ ಎಣ್ಣೆ ಕಳಿಸುತ್ತಲೇ ಇತ್ತು.

"ನಿಮಗೆ ತಡವಾಗುತ್ತಿದೆ, ಒಡೆಯಾ," ಎಂದಿತು ಚಕ್ರ ಸಂಕೋಚದಿಂದ.

"ಆಗಲಿ ಬಿಡಪ್ಪಾ," ಎಂದಿತು ಎಂಜಿನ್, "ನೀನು ನಿಧಾನವಾಗಿ ತಣ್ಣಗಾಗು. ನಾನು ಕಾಯುತ್ತೇನೆ."