ಆನೆಯ ತುಳಿತ, ಹೆಗ್ಗಣದ ಬಿಲ

ಹೊಂಡ ಬತ್ತಿ ಆಮೆಮರಿಗಳ ಬೆನ್ನು ಒಣಗುತ್ತಿತ್ತು. ಬಯಲಿನಡಿ ಸಮುದ್ರದಂಥ ಹಳೇ ಕೆರೆ ಹೂತಿದೆ, ಅದರ ಜೇಡಿ ತಳ ಆಳವಾದ ಕಡೆ ಇನ್ನೂ ನೀರು ನಿಂತಿದೆ ಎಂದು ತಾಯಿ ಆಮೆ ಬಲ್ಲದು. ಆ ತಳ ಎಲ್ಲಿ ಆಳವೋ, ಅದೊಂದು ಗೊತ್ತಿಲ್ಲ.

ಆಮೆ ಕರೆತಂದ ಆನೆ ಆಳ ತಿಳಿಯಲು ನೆಲಕ್ಕೆ ಕಾಲು ಅಪ್ಪಳಿಸಿ ಕಿವಿಗೊಟ್ಟಿತು. ಏಳು ಊರಿನ ಮಡಕೆಗಳು ಗಡಗಡ ನಡುಗಿದವು. "ಕೆಳಗಿನಿಂದ ಎರಡು ದನಿ ತಿರುಗಿ ಬರುತ್ತವೆ. ಯಾವುದು ಬಂಡೆಯದು, ಯಾವುದು ಜೇಡಿಯದು, ತಿಳಿಯದು."

"ನನ್ನನ್ನು ಕೇಳು! ಪಾತಾಳದವರೆಗೆ ತೋಡಿದವನು ನಾನು," ಎಂದಿತು ಹೆಗ್ಗಣ. "ಮೇಲೆ ಮರಳು, ನನ್ನ ಹಾಸಿಗೆಯ ಕೆಳಗೆ ಒಣ ಜೇಡಿ. ಲೋಕವೆಲ್ಲ ಹೀಗೇ."

"ಲೋಕವಲ್ಲಪ್ಪ, ನಿನ್ನ ಬಿಲ," ಎಂದು ಆನೆ ಹಂಗಿಸಿತು.

ಆಮೆ ಮುಂದೆ ಬಂದಿತು. "ಆನೆಯಣ್ಣ, ಆ ಬಿಲದ ಪಕ್ಕದಲ್ಲೇ ತುಳಿ. ಅಲ್ಲಿ ಜೇಡಿ ಎಷ್ಟು ಕೆಳಗಿದೆಯೆಂದು ಗೊತ್ತಿದೆಯಲ್ಲ, ಅದರ ದನಿ ಯಾವುದೆಂದು ತಿಳಿಯುತ್ತದೆ. ಆಮೇಲೆ ಆ ದನಿ ತೀರಾ ಆಳಕ್ಕಿಳಿದ ಕಡೆ ತೋಡೋಣ."

"ನನ್ನ ಮನೆ ಕುಸಿಯುತ್ತದಲ್ಲೇ!" ಹೆಗ್ಗಣ ಚೀರಿತು.

"ಕುಸಿಯುತ್ತದೆ," ಎಂದಿತು ಆಮೆ. ಸುಳ್ಳು ಹೇಳಲು ಅದಕ್ಕೆ ಬಾಯಿ ಬರಲಿಲ್ಲ.

ಹೆಗ್ಗಣ ಆಮೆಮರಿಗಳತ್ತ ನೋಡಿತು, ಬಿಲ ಬಿಟ್ಟು ಸರಿಯಿತು. ಆನೆ ತುಳಿಯಿತು. ಬಿಲ ಹೋಯಿತು, ದನಿ ಸಿಕ್ಕಿತು. ಅದನ್ನೇ ಹಿಂಬಾಲಿಸಿ ತುಳಿಯುತ್ತ ತುಳಿಯುತ್ತ ಆನೆ ಬಯಲ ನಡುವೆ ನಿಂತು, "ಇಲ್ಲೇ ಆಳ" ಎಂದಿತು. ಹೆಗ್ಗಣ ತೋಡುತ್ತ ಮಣ್ಣಿಗಿಳಿಯಿತು. ಆಮೆ ಗುಂಡಿಯ ಅಂಚಿನಲ್ಲಿ ಕಾಯಿತು.

ಕೊನೆಗೆ ಮೇಲೆ ಬಂದ ಹೆಗ್ಗಣದ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಮಕ್ಕಳನ್ನು ಕರೆದುಕೊಂಡು ಬಾ, ಆಮೆಯಕ್ಕ. ನಿನ್ನ ಚಿಪ್ಪು ಹಿಡಿಸುವಷ್ಟು ಅಗಲವಾಗಿಯೇ ತೋಡಿದ್ದೇನೆ."