ಕತ್ತರಿಸಿ ಎಸೆದ ಪಟ್ಟೆ

ಹೊಳೆದಂಡೆಯ ಆ ಆಶ್ರಮದಲ್ಲಿ ಹೋಮಕುಂಡವಿರಲಿಲ್ಲ, ಜಿಂಕೆಮರಿಯೂ ಇರಲಿಲ್ಲ. ಇದ್ದದ್ದು ಒಂದು ಸೂಕ್ಷ್ಮದರ್ಶಕ, ಗೊರಗೊರ ಎನ್ನುವ ಹಳೇ ಫ್ರಿಜ್ಜು, ಮತ್ತು ಜೀವಮಾನವಿಡೀ ದೇಹವನ್ನೇ ಓದುತ್ತ ಕೂತ ತೀರ್ಥಪ್ಪ ಗುರುಗಳು. ಶಿಷ್ಯರು ಇಬ್ಬರೇ, ಭೋಜರಾಜ ಮತ್ತು ನೀಲಾಂಬಿಕೆ.

ಅಲ್ಲಿ ಒಂದು ಪದ್ಧತಿಯಿತ್ತು. ಸಂಜೆ ಕಸ ಸುಡುವ ಮುಂಚೆ ಗುರುಗಳು ಬುಟ್ಟಿಯನ್ನು ತಾವೇ ಕೆದಕಿ ನೋಡುತ್ತಿದ್ದರು. ಮತ್ತೆ, ಶಿಷ್ಯರಿಬ್ಬರ ಊಟ ಮುಗಿದ ಮೇಲೆಯೇ ತಾವು ತಟ್ಟೆಯ ಮುಂದೆ ಕೂರುತ್ತಿದ್ದರು.

ನೀಲಾಂಬಿಕೆಗೆ ಒಂದು ಕೊರಗು. ಭೋಜರಾಜನಿಗೆ ಗುರುಗಳು ಗಂಟೆಗಟ್ಟಲೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಇವಳ ಹತ್ತಿರ ಬಂದರೆ ಎರಡೇ ಮಾತು.

"ಊಟ ಆಯ್ತಾ?"

ಹೂಂ ಅಂದರೆ ಸಾಕು, ಹೊರಟೇಬಿಡುತ್ತಿದ್ದರು. ಭೋಜರಾಜನಿಗೆ ಹೇಳಿದ್ದರಲ್ಲಿ ಅರ್ಧ ಆ ಕಿವಿಯಿಂದ ಆಚೆ ಹೋಗುತ್ತಿತ್ತು, ಅದು ಬೇರೆ ಮಾತು. ಆದರೂ ಅವಳ ಹೊಟ್ಟೆ ಉರಿಯುತ್ತಿತ್ತು. ತನ್ನ ಮೇಲೆ ಗುರುಗಳಿಗೆ ಪ್ರೀತಿಯಿಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಕೈಯಲ್ಲಿರುವ ಕೆಲಸ ಒಪ್ಪಿಸಿ ಹೊರಟುಬಿಡುವುದೆಂದು ಬಟ್ಟೆಯ ಚೀಲ ಕಟ್ಟಿ ಜಗಲಿಯ ಮೂಲೆಗೆ ಇಟ್ಟಿದ್ದಳು.

ಕೆಲಸ ಇಷ್ಟು. ಒಂದು ಜೀವಕೋಶ ಯಾವಾಗ ಎರಡಾಗಬೇಕು ಎಂದು ನೋಡಿಕೊಳ್ಳುವ ಪ್ರೋಟೀನು ಒಂದುಂಟು. ಮೈಯ ಯಾವ ಭಾಗದಲ್ಲಿ ಅದು ಹೇಗಿದೆ ಎಂದು ಹುಡುಕಬೇಕು.

ಅವಳು ಮಾಂಸದಂಗಡಿಯಿಂದ ಕುರಿಯ ಚರ್ಮ, ಕರುಳು, ಹೃದಯ ತಂದಳು. ಒಂದೊಂದನ್ನೂ ಅರೆದು, ಸೋಸಿ, ಆ ರಸವನ್ನು ಅಂಟಿನಂಥ ಹಾಳೆಯಲ್ಲಿ ಕೆಳಗಿಳಿಯಲು ಬಿಟ್ಟಳು. ದೊಡ್ಡ ಪ್ರೋಟೀನು ಮೇಲೆಯೇ ನಿಲ್ಲುತ್ತದೆ, ಚಿಕ್ಕದು ಕೆಳಗೆ ಜಾರುತ್ತದೆ. ಹುಡುಕುವ ಪ್ರೋಟೀನಿಗೆ ಮಾತ್ರ ಅಂಟುವ ಮದ್ದು ಹಾಕಿದರೆ, ಅದು ನಿಂತ ಜಾಗ ಫಿಲ್ಮಿನ ಮೇಲೆ ಕಪ್ಪು ಪಟ್ಟೆಯಾಗಿ ಮೂಡುತ್ತದೆ.

ಅವಳು ಒಪ್ಪಿಸಿದ ಫಿಲ್ಮಿನಲ್ಲಿ ಚರ್ಮದ್ದು, ಕರುಳಿನದು ಎರಡೇ ಪಟ್ಟೆ ಅಚ್ಚುಕಟ್ಟಾಗಿ ಒಂದೇ ಸಾಲಿನಲ್ಲಿದ್ದವು. ಗುರುಗಳು ಅದನ್ನು ಬೆಳಕಿಗೆ ಹಿಡಿದರು.

"ಕಸದ ಬುಟ್ಟಿ ತಾ."

ಬುಟ್ಟಿಯ ತಳದಲ್ಲಿ ಕತ್ತರಿಯಿಂದ ಕತ್ತರಿಸಿದ ಒಂದು ಚೂರು ಸಿಕ್ಕಿತು. ಅದರಲ್ಲೂ ಒಂದು ಪಟ್ಟೆಯಿತ್ತು, ಬಹಳ ಕೆಳಗೆ.

"ಇದೇನು?"

"ಹೃದಯದ್ದು, ಗುರುಗಳೇ. ಹಾಳಾಗಿದೆ. ಪ್ರೋಟೀನು ಎಲ್ಲೋ ಮುರಿದುಹೋಗಿದೆ. ಮಂಜುಗಡ್ಡೆಗೆ ಇಡೋದು ತಡವಾಯ್ತೇನೋ."

"ತಡ ಮಾಡಿದೆಯಾ?"

ಅವಳು ತಲೆ ತಗ್ಗಿಸಿದಳು. "ಇಲ್ಲ."

"ಹಾಗಾದ್ರೆ ಇನ್ನೊಮ್ಮೆ ಮಾಡು."

ಮಾಡಿದಳು. ಹೃದಯದ ಪಟ್ಟೆ ಅದೇ ಜಾಗದಲ್ಲಿ ನಿಂತಿತು. ಬೇರೆ ಕುರಿಯ ಹೃದಯ ತಂದು, ಮಂಜುಗಡ್ಡೆಯಿಂದ ಕೈ ತೆಗೆಯದೆ ಮತ್ತೆ ಮಾಡಿದಳು. ಆ ದಿನ ಬೆಳಗಿನಿಂದ ಅವಳಿಗೆ ಹಸಿವೂ ನೆನಪಾಗಲಿಲ್ಲ. ಹೊತ್ತು ಮುಳುಗುವಾಗ ಫಿಲ್ಮು ಕೈಗೆ ಬಂತು. ಪಟ್ಟೆ ಅದೇ ಜಾಗದಲ್ಲಿತ್ತು.

"ಮುರಿದದ್ದು ಪ್ರತಿ ಸಲ ಒಂದೇ ಕಡೆ ಮುರಿಯುತ್ತೇನಮ್ಮ?" ಗುರುಗಳು ಕೇಳಿದರು.

ಅವಳು ಮೂರೂ ಸಲದ ಫಿಲ್ಮುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಮುರಿದಿಲ್ಲ, ಗುರುಗಳೇ. ಈ ಪ್ರೋಟೀನು ಮಾಡೋದು ಹೇಗಂತ ಬರೆದಿರೋ ಜೀನು ಒಂದೇ. ಚರ್ಮ, ಕರುಳು ಅದನ್ನ ಪೂರ್ತಿ ಓದ್ತಾವೆ. ಹೃದಯ ನಡುವಿನ ಸಾಲು ಬಿಟ್ಟು ಓದುತ್ತೆ. ಅದಕ್ಕೇ ಅಲ್ಲಿ ಚಿಕ್ಕದಾಗಿದೆ."

"ಚರ್ಮದ ಕೋಶ ದಿನಾ ಎರಡಾಗುತ್ತೆ. ಹೃದಯದ್ದು ಎರಡಾಗೋದೇ ಅಪರೂಪ. ಅಲ್ಲಿ ಈ ಚಿಕ್ಕದಕ್ಕೆ ಏನು ಕೆಲಸ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಬರಿ. ಹಾಳು ಅಂತ ಬರೀಬೇಡ."

ಗುರುಗಳು ಏಳಲು ಹೊರಟರು. ಇಷ್ಟು ದಿನ ಅವಳು ಒಳಗೇ ಇಟ್ಟುಕೊಂಡದ್ದು ಆಗ ತಡೆಯಲಾರದೆ ಹೊರಬಿತ್ತು.

"ಭೋಜರಾಜನಿಗೆ ಅಷ್ಟೊಂದು ಹೇಳ್ತೀರಿ. ನನಗ್ಯಾಕೆ ಏನೂ ಇಲ್ಲ? ನಾನೇನು ತಪ್ಪು ಮಾಡಿದೆ?"

ಗುರುಗಳು ಅವಳನ್ನು ನೋಡಿದರು. ಜಗಲಿಯ ಮೂಲೆಯ ಚೀಲವನ್ನೂ ನೋಡಿದರು. ಬುಟ್ಟಿಯಿಂದ ಆವತ್ತು ಎತ್ತಿಟ್ಟಿದ್ದ ಚೂರನ್ನು ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟು, ಒಳಗೆ ನಡೆದರು.

ಅವಳು ಹಿಂದೆಯೇ ಹೋದಳು. ಅಡುಗೆಮನೆಯಲ್ಲಿ ಭೋಜರಾಜ ಉಂಡು ತೊಳೆದಿಟ್ಟ ತಟ್ಟೆಯಿತ್ತು. ಅದರ ಪಕ್ಕ ಮುಚ್ಚಿಟ್ಟ ತಟ್ಟೆಗಳು ಎರಡು. ಅವಳು ಒಂದರ ಮುಚ್ಚಳ ತೆಗೆದಳು. ಮಧ್ಯಾಹ್ನದ ಮುದ್ದೆ ಆರಿ ಗಟ್ಟಿಯಾಗಿತ್ತು. ಅದು ಅವಳದು.

ಇನ್ನೊಂದನ್ನು ತೆಗೆದಳು. ಅದರಲ್ಲೂ ಮುದ್ದೆ ಹಾಗೇ ಇತ್ತು.

ಕೋಪಕ್ಕೆ, ಕೆಲಸದ ಅಮಲಿಗೆ ತಾನು ಊಟ ಬಿಟ್ಟ ದಿನಗಳೆಲ್ಲ ಅವಳಿಗೆ ಒಂದೊಂದಾಗಿ ನೆನಪಾದವು. ಹಸಿವಿಲ್ಲ ಎಂದು ಮುಖ ತಿರುಗಿಸಿದ ದಿನಗಳೂ ನೆನಪಾದವು. ನಾಚಿಕೆಯಾಯಿತು. ಆಮೇಲೆ ಕಣ್ಣೀರು ಬಂತು, ಅದನ್ನು ಅವಳು ಒರೆಸಿಕೊಳ್ಳಲೂ ಹೋಗಲಿಲ್ಲ.

ಗುರುಗಳು ಜಗಲಿಗೆ ಹೋಗಿ ಅವಳ ಚೀಲ ಎತ್ತಿಕೊಂಡು ಬಂದರು. ಅದನ್ನು ಒಳಗಿನ ಗೂಟಕ್ಕೆ ನೇತುಹಾಕಿ, ತಿರುಗಿ ಕೇಳಿದರು.

"ಊಟ ಆಯ್ತಾ?"