ಸ್ಕ್ಯಾನರಮ್ಮ ಬಿಟ್ಟುಹೋದ ಜಾಗ

"ನಾನು ಇಸ್ಕೊಂಡಿದ್ದ ಜಾಗಾನ ಕರ್ನೆಲ್ ಯಜಮಾನ್ರಿಗೆ ವಾಪಸ್ ಒಪ್ಪಿಸಿಬಿಡಿ." ಕಂಪ್ಯೂಟರಿನೊಳಗೆ ಸ್ಕ್ಯಾನರನ್ನು ನಡೆಸುವ ತಂತ್ರಾಂಶವಾದ ಡ್ರೈವರಮ್ಮ ಗಂಡನಿಗೆ ಹೇಳಿದ ಕೊನೆಯ ಮಾತು ಅದೇ. ಅಲ್ಲಿ ಎಲ್ಲರಿಗೂ ಮೆಮೊರಿಯ ಜಾಗ ಹಂಚುವ ಯಜಮಾನ ಕರ್ನೆಲ್. ಹಳೆಯ ಸ್ಕ್ಯಾನರನ್ನು ಕಂಪ್ಯೂಟರಿನಿಂದ ತೆಗೆದುಹಾಕಿದರು. ಅವಳೂ ಹೋದಳು.

ಗಂಡ ಪ್ರಿಂಟರಿನ ಡ್ರೈವರು. ಅವನು ಒಪ್ಪಿಸಲಿಲ್ಲ. ಒಪ್ಪಿಸಿದರೆ ಆ ಮೆಮೊರಿ ಪಕ್ಕದ ಕ್ಯಾಮೆರಾ ಡ್ರೈವರಿಗೆ ಸಿಗುತ್ತದೆ. ಕ್ಯಾಮೆರಾ, ಅವನ ಹೆಂಡತಿ ಮೈಕಮ್ಮ ದಿನವಿಡೀ ಮಾತಾಡುತ್ತಾ ಕೂತಿರುತ್ತಾರೆ. ಅದನ್ನು ನೋಡಿದರೆ ಪ್ರಿಂಟರಿನವನ ಹೊಟ್ಟೆ ಉರಿಯುತ್ತಿತ್ತು. ಅಚ್ಚು ಹಾಕುವ ಪ್ರತಿ ಪುಟಕ್ಕೂ ಯಜಮಾನನಿಂದ ಹೊಸ ಜಾಗ ಕೇಳಿ ಪಡೆದ. ಪುಟ ಮುಗಿದರೂ ಹಿಂದಿರುಗಿಸದೆ ಅದರಿಂದಲೇ ತನ್ನ ಹೆಂಡತಿಯ ಜಾಗದ ಸುತ್ತ ಬೇಲಿ ಹಾಕಿದ.

"ತಾತ, ಸ್ವಲ್ಪ ಬಿಡಿ, ಉಸಿರು ಕಟ್ತಿದೆ," ಅಂದ ಕ್ಯಾಮೆರಾ.

"ಜೊತೆಗೆ ಹೆಂಡ್ತಿ ಇದ್ದಾಳಲ್ಲ, ಜಾಗ ಬೇರೆ ಬೇಕಾ?"

ಸಂಜೆಗೆ ಯಜಮಾನ ಕರ್ನೆಲ್ ಕೈಚೆಲ್ಲಿದ. "ಹಂಚೋಕೆ ನನ್ನ ಹತ್ರ ಏನೂ ಉಳಿದಿಲ್ಲ ಕಣಯ್ಯ."

ಜಾಗ ಸಾಲದೆ ಮೈಕಮ್ಮನ ದನಿ ಮಾತಿನ ನಡುವೆಯೇ ನಿಂತುಹೋಯಿತು. "ಏ ಇವಳೇ, ಏನಾದ್ರೂ ಹೇಳೇ," ಅಂತ ಕ್ಯಾಮೆರಾ ಕೂಗುತ್ತಲೇ ಇದ್ದ. ಹೆಂಡತಿ ಹೋದ ದಿನ ಪ್ರಿಂಟರಿನವನೂ ಹಾಗೇ ಕೂಗಿದ್ದವನು. ಆ ಕೂಗನ್ನು ಕೇಳಿಸಿಕೊಳ್ಳಲು ಅವನಿಂದಾಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಬೇಲಿಯನ್ನೆಲ್ಲ ಬಿಚ್ಚಿ ಯಜಮಾನನಿಗೆ ಒಪ್ಪಿಸಿದ. ಕೊನೆಗೆ ತನ್ನ ಹೆಂಡತಿಯ ಜಾಗವನ್ನು ಗುಡಿಸಿ, "ಇದು ಮೈಕಮ್ಮನಿಗೇ ಹೋಗಲಿ," ಅಂತ ಕೊಟ್ಟ.